ಸಂಕ್ರಾಂತಿ ಆದಮ್ಯಾಲೆ ಹೋಗು ಅಂದೆ

ಬಾಲಿಗೆ ಯಾವಾಗ ಹೋಗಬೇಕು ಎಂದು ಯಾರಾದರೂ ಕೇಳಿದರೆ ಈಗ ನಾನು ಸರಿಯಾಗಿಯೇ ಹೇಳುತ್ತೇನೆ. ಮೊನ್ನೆ ಸ್ಟಾಫ್ ರೂಮಿನಲ್ಲಿ ಗಣಿತದ ಮೇಡಮ್ ಕೇಳಿದರು. ಅವರ ಮಗಳಿಗೂ ಅಳಿಯನಿಗೂ ಜನವರಿಯಲ್ಲಿ ರಜೆ ಸಿಗುತ್ತದಂತೆ. ಬೇಡವೇ ಬೇಡ ಎಂದೆ. ಆ ದ್ವೀಪ ಭೂಮಧ್ಯರೇಖೆಯ ಕೆಳಗಿದೆ, ನಮಗೆ ಚಳಿ ಬಿದ್ದಾಗ ಅಲ್ಲಿ ಮಳೆ ಹಿಡಿಯುತ್ತದೆ, ಸಮುದ್ರ ಕೆಡುತ್ತದೆ, ಸಣ್ಣ ದ್ವೀಪಗಳ ದೋಣಿಗಳನ್ನು ನಿಲ್ಲಿಸಿಬಿಡುತ್ತಾರೆ. ನಮ್ಮಲ್ಲಿ ಮಳೆ ಹೊಯ್ಯುವ ತಿಂಗಳಲ್ಲೇ ಅಲ್ಲಿ ಬಿಸಿಲು, ಆಗ ಹೋಗಲಿ ಎಂದು ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸಿದೆ. ಮೇಡಮ್ ಖುಷಿಯಾದರು. ನಿಮ್ಮಂಥವರು ಒಬ್ಬರು ಮನೆಯಲ್ಲಿದ್ದರೆ ಸಾಕು ನೋಡ್ರಿ ಮಾಸ್ತರ್ರ, ಬೇರೆ ಯಾರನ್ನೂ ಕೇಳೋದೇ ಬ್ಯಾಡ ಎಂದರು. ನಾನು ಡಸ್ಟರ್ ತೆಗೆದುಕೊಂಡು ಬೋರ್ಡು ಒರೆಸಿದೆ.

ನಮ್ಮ ಮನೆಯಲ್ಲಿಯೂ ನಾನೊಬ್ಬ ಇದ್ದೆ. ನಮ್ಮಕ್ಕ ಬೇರೆ ಯಾರನ್ನೂ ಕೇಳಲಿಲ್ಲ.

ನಾನು ಮಾಗನೂರಿನ ಕನ್ನಡ ಶಾಲೆಯಲ್ಲಿ ಸಮಾಜದ ಪಾಠ ಹೇಳುವವನು. ಇರುವುದು ಮಕ್ತಲ್‌ನಲ್ಲಿ, ಅಕ್ಕನ ಮನೆಯ ಹಿಂದಿನ ಓಣಿಯಲ್ಲಿ ಒಂದು ಖೋಲಿ ಹಿಡಿದುಕೊಂಡು. ಊಟ ಅಕ್ಕನ ಮನೆಯಲ್ಲೇ. ಅವ್ವ ತೀರಿಕೊಂಡಾಗ ನನಗೆ ಆರು ವರ್ಷ. ಅಕ್ಕ ಶಿವಮ್ಮನಿಗೆ ಆಗಷ್ಟೇ ಮದುವೆಯಾಗಿತ್ತು. ಗಂಡನ ಮನೆಗೆ ಬರುವಾಗ ಟ್ರಂಕಿನ ಜೊತೆ ನನ್ನನ್ನೂ ಕರೆದುಕೊಂಡು ಬಂದಳು ಎಂದು ಭಾವ ಶರಣಪ್ಪ ಇವತ್ತಿಗೂ ನಾಲ್ಕು ಜನರ ಮುಂದೆ ಹೇಳಿ ನಗುತ್ತಾನೆ. ನಾನೂ ನಗುತ್ತೇನೆ. ಅವನ ಅನ್ನ ಉಂಡು ದೊಡ್ಡವನಾಗಿದ್ದೇನೆ, ನಗದೆ ಏನು ಮಾಡಲಿ.

ಅಕ್ಕನಿಗೆ ಮಗಳು ಹುಟ್ಟಿದಾಗ ನನಗೆ ಒಂಬತ್ತು. ತೊಟ್ಟಿಲಿಗೆ ಹಾಕುವ ದಿನ ಹೆಂಗಸರೆಲ್ಲ ಸೇರಿ ಕೂಸನ್ನು ನನ್ನ ತೊಡೆಯ ಮೇಲೆ ಮಲಗಿಸಿ, ಹಿಡ್ಕೋ ನಿನ್ನ ಹೆಂಡ್ತೀನ ಎಂದರು. ನಮ್ಮ ಕಡೆ ಅದು ಬರೀ ಚೇಷ್ಟೆಯಲ್ಲ. ಅಕ್ಕನ ಮಗಳ ಮೇಲೆ ಸೋದರಮಾವನ ಹಕ್ಕು ಮೊದಲು, ಅವನು ಬೇಡ ಎಂದರೆ ಮಾತ್ರ ಹೊರಗೆ ನೋಡುವುದು. ಸವಿತಾ ಎಂದು ಹೆಸರಿಟ್ಟರು. ಅವಳು ಬೆಳೆದದ್ದು ನನ್ನ ಕಣ್ಣ ಮುಂದೆ, ಓದಿದ್ದು ನನ್ನ ಮುಂದೆ. ನಾನು ಬಿ.ಎಡ್. ಓದುವಾಗ ಪಾಠ ಹೇಳಿ ರೂಢಿ ಮಾಡಿಕೊಂಡಿದ್ದೇ ಅವಳ ಮೇಲೆ. ಒಂದು ಮೋಸಂಬಿಯ ನಡುವೆ ಪೆನ್ನಿನಿಂದ ಗೆರೆ ಎಳೆದು, ದೀಪದ ಮುಂದೆ ಓರೆಯಾಗಿ ಹಿಡಿದು ತಿರುಗಿಸಿ, ಇಲ್ಲಿ ಬೇಸಿಗೆಯಾದಾಗ ಅಲ್ಲಿ ಚಳಿ, ಇಲ್ಲಿ ಮಳೆಯಾದಾಗ ಅಲ್ಲಿ ಒಣಹವೆ ಎಂದು ತೋರಿಸುತ್ತಿದ್ದೆ. ಪಾಠ ಮುಗಿದ ಮೇಲೆ ಅವಳು ಆ ಮೋಸಂಬಿ ಸುಲಿದು ತಿನ್ನುತ್ತಿದ್ದಳು. ಹುಡುಗಿ ಚುರುಕಾಗಿದ್ದಳು. ಒಂದು ಸಲ ಹೇಳಿದ್ದನ್ನು ಮರೆಯುತ್ತಿರಲಿಲ್ಲ.

ಅವಳು ಹೈದರಾಬಾದಿನಲ್ಲಿ ಹೋಟೆಲ್ ಓದು ಮುಗಿಸಿ ಬಂದ ವರ್ಷ ಮದುವೆಯ ಮಾತು ಬಂತು. ಒಂದು ಮಧ್ಯಾಹ್ನ ನನ್ನ ಖೋಲಿಗೆ ಬಂದು, ಬಾಗಿಲ ಹತ್ತಿರವೇ ನಿಂತು, ಮಾವ, ನೀ ನನಗ ಅಕ್ಷರ ಕಲಿಸಿದಾವ, ನಿನ್ನ ಮದುವಿ ಆಗಾಕ ನನ್ನ ಕೈಲಿ ಆಗೋದಿಲ್ಲ, ಸಿಟ್ಟಾಗಬ್ಯಾಡ ಎಂದಳು. ಆಗಲಿ ಬಿಡು ಎಂದೆ. ಮುಂದೆ ಒಂದು ತಿಂಗಳಿಗೆ, ಜೊತೆಗೆ ಕೆಲಸ ಮಾಡುತ್ತಿದ್ದ ಬೇರೆ ರಾಜ್ಯದ ಹುಡುಗನನ್ನು ಮದುವೆಯಾಗಿ ದೇಶವನ್ನೇ ಬಿಟ್ಟಳು. ಭಾವ ಮಗಳ ಹೆಸರಿನಲ್ಲಿ ತಲೆ ಮೇಲೆ ನೀರು ಸುರಿದುಕೊಂಡು, ಇವತ್ತಿಗೆ ಸತ್ತಳು ಎಂದ. ಗೋಡೆಯ ಮೇಲಿನ ಫೋಟೋ ಇಳಿಸಿದ. ಬಜಾರಿನಲ್ಲಿ ಜನ ನನ್ನನ್ನು ಹಿಡಿದುಕೊಂಡರು. ಮಾಸ್ತರ್ರ ಹೆಂಡ್ತಿ ಫಾರಿನ್‌ನಾಗ ಅದಾಳಂತಲ್ಲ ಎಂದು ಕಟಿಂಗ್ ಅಂಗಡಿಯವನು ನನ್ನ ಕುತ್ತಿಗೆಗೆ ಬಟ್ಟೆ ಕಟ್ಟುತ್ತಲೇ ಕೇಳಿದ. ನನ್ನ ಸಿಟ್ಟು ಅವಳು ಒಲ್ಲೆ ಅಂದದ್ದಕ್ಕಲ್ಲ. ಅದನ್ನು ಅಷ್ಟು ಮರ್ಯಾದೆಯಿಂದ ಅಂದಳಲ್ಲ, ತಿರುಗಿ ಬಯ್ಯಲೂ ನನಗೆ ಜಾಗ ಬಿಡಲಿಲ್ಲವಲ್ಲ, ಅದಕ್ಕೆ. ಮೂರು ವರ್ಷ ಆ ಸಿಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಅವಳ ಅವ್ವನ ಕೈಯ ರೊಟ್ಟಿ ತಿಂದೆ.

ಮೂರನೆಯ ವರ್ಷ ಜೂನಿನಲ್ಲಿ, ಮಿರಗದ ಅಂದರೆ ಮೃಗಶಿರೆಯ ಮಳೆ ಕೂಡುವ ದಿನವೇ ಗದ್ವಾಲ್‌ನಿಂದ ಬೀಜದ ಕಂಪನಿಯ ಮನುಷ್ಯ ಮೋಟಾರ್ ಸೈಕಲ್ ಮೇಲೆ ಬಂದ. ಭಾವನದು ಬೀಜ ಗೊಬ್ಬರದ ಅಂಗಡಿ. ಹತ್ತಿ ಬೀಜಕ್ಕೆ ಜನ ಮುಗಿಬಿದ್ದಿದ್ದರು. ಆ ಗದ್ದಲದಲ್ಲೇ ಅವನು ತೆಲುಗಿನಲ್ಲಿ ಹೇಳಿದ, ಹಿಂದಿನ ವರ್ಷ ಚೆನ್ನಾಗಿ ಮಾರಿದ ಡೀಲರುಗಳನ್ನು ಹೆಂಡತಿ ಸಮೇತ ಬಾಲಿ ಟೂರಿಗೆ ಕಳಿಸುತ್ತಾರೆ, ಎರಡು ತಂಡ, ಒಂದು ಆಗಸ್ಟಿನಲ್ಲಿ, ಇನ್ನೊಂದು ಸಂಕ್ರಾಂತಿ ಆದ ಮೇಲೆ, ಯಾವುದು ಬೇಕೋ ನಾಳೆ ಸಾಯಂಕಾಲದೊಳಗೆ ಹೆಸರು ಕೊಡಿ ಎಂದು. ಅಕ್ಕನನ್ನು ಶ್ರೀಶೈಲದಿಂದ ಆಚೆ ಕರೆದುಕೊಂಡು ಹೋಗದ ಭಾವ ಅವತ್ತು ಅಂಗಡಿಗೆ ಬಂದವರಿಗೆಲ್ಲ ಚಹಾ ತರಿಸಿದ. ನನಗ ಎರಡೂ ಒಂದೇ, ನಿಮ್ಮ ಅಕ್ಕಗ ಯಾವುದು ಬೇಕೋ ಕೇಳು ಎಂದ.

ಮಗಳು ಯಾವ ದೇಶದಲ್ಲಿದ್ದಾಳೆ ಎಂದು ಭಾವ ಒಂದು ದಿನವೂ ಕೇಳಿರಲಿಲ್ಲ. ಕೇಳಿದ್ದರೆ ಹೆಸರು ಕೊಡುತ್ತಲೇ ಇರಲಿಲ್ಲ. ಸವಿತಾ ಇದ್ದದ್ದು ಬಾಲಿಯಿಂದ ದೋಣಿಯಲ್ಲಿ ಎರಡು ತಾಸು ದೂರದ ಒಂದು ಸಣ್ಣ ದ್ವೀಪದಲ್ಲಿ, ಒಂದು ಹೋಟೆಲಿನ ಅಡಿಗೆಮನೆಯಲ್ಲಿ. ಅದು ಗೊತ್ತಿದ್ದದ್ದು ಅಕ್ಕನಿಗೆ ಮತ್ತು ನನಗೆ. ಪಕ್ಕದ ಮನೆಯಲ್ಲಿ ಜಂಪರು ಹೊಲಿಯುವ ಸುಶೀಲಮ್ಮನ ಫೋನಿಗೆ ಅವಳು ಮಾಡುತ್ತಿದ್ದಳು. ಅಳತೆ ಕೊಟ್ಟು ಬರುತ್ತೇನೆಂದು ಅಕ್ಕ ಹೋಗಿ ಎರಡು ಮಾತಾಡಿ ಬರುತ್ತಿದ್ದಳು.

ಮಿರಗದ ದಿನ ನಮ್ಮಲ್ಲಿ ಬೆಲ್ಲದಲ್ಲಿ ಇಂಗು ಕಲಸಿ ಉಂಡೆ ಮಾಡಿ ನುಂಗುವ ಪದ್ಧತಿ. ಅಕ್ಕ ಮರುದಿನ ಮುಂಜಾನೆ ನನ್ನ ಪಾಲಿನ ಉಂಡೆಯನ್ನು ಬಟ್ಟಲಲ್ಲಿಟ್ಟುಕೊಂಡು ಖೋಲಿಗೆ ಬಂದಳು. ಬಾಗಿಲನ್ನು ಅರ್ಧ ಮುಚ್ಚಿದಳು.

"ಆಗಸ್ಟ್‌ನಾಗ ಬಾ ಅಂತಾಳ ಸವಿತಾ. ಯಾಕ ಅಂದ್ರ ಮಾವನ್ನ ಕೇಳು, ಅಂವ ಹೇಳ್ತಾನ ಅಂದ್ಲು. ಅಷ್ಟರಾಗ ಫೋನ್ ಕಟ್ಟಾತು. ಆಗಸ್ಟ್ ಅಂದ್ರ ಮಗಿ ಮಳಿ ಅಲ್ಲೇನೋ ತಮ್ಮಾ? ಮಗಿ ಮಳ್ಯಾಗ ಯಾರರ ಊರು ಬಿಟ್ಟು ಹೋಗ್ತಾರೇನು?"

ನಮ್ಮವರ ಲೆಕ್ಕ ಅದು. ಮಿರಗಕ್ಕೆ ಬಿತ್ತನೆ, ಆಶ್ಲೇಷ ಮಘೆಯಲ್ಲಿ ಎಲ್ಲಿಗೂ ಹೊರಡಬಾರದು, ಸ್ವಾತಿ ಮಳೆ ಮುಗಿದ ಮೇಲೆ ಆಕಾಶ ನಮ್ಮದು. ಮದುವೆ, ಯಾತ್ರೆ, ಮನೆ ಕಟ್ಟುವುದು ಎಲ್ಲ ಅದರ ಮೇಲೆ ನಡೆಯುತ್ತದೆ. ಆ ನಕ್ಷತ್ರಗಳು ಬಾಲಿಯ ಮೇಲೆಯೂ ಇದೇ ಕೆಲಸ ಮಾಡುತ್ತವೆ ಎಂದು ಅಕ್ಕ ತಿಳಿದಿದ್ದರಲ್ಲಿ ಅವಳ ತಪ್ಪೇನಿಲ್ಲ. ತಪ್ಪೆಂದು ತಿಳಿದು ಹೇಳಬೇಕಾದವನು ಬಟ್ಟಲು ಹಿಡಿದುಕೊಂಡು ಅವಳ ಮುಂದೆಯೇ ಕೂತಿದ್ದ. ಹೇಳುತ್ತಿದ್ದೆನೋ ಏನೋ. ಅಷ್ಟರಲ್ಲಿ ಅವಳು ದನಿ ತಗ್ಗಿಸಿ, ಅಕಿಗೆ ಈಗ ಐದು ತಿಂಗಳು ಎಂದಳು.

ನಾನು ಬಟ್ಟಲಿನ ಉಂಡೆಯನ್ನು ಬಾಯಿಗೆ ಹಾಕಿಕೊಂಡೆ. ಬಾಯಲ್ಲಿದ್ದ ಇಂಗನ್ನು ನುಂಗಿ ಮಾತಾಡಿದೆ.

"ಮಗಿ ಮಳ್ಯಾಗ ಹೋಗಿ ಏನು ಮಾಡ್ತಿ ಅಕ್ಕಾ. ಸಂಕ್ರಾಂತಿ ಆದಮ್ಯಾಲೆ ಹೋಗು. ಅಷ್ಟೊತ್ತಿಗೆ ಕೂಸನ್ನೂ ನೋಡ್ತಿ."

ಅವಳ ಮುಖ ಅರಳಿತು. ಹೌದಲ್ಲ, ಕೂಸು ಎಂದಳು. ಬಾಗಿಲ ತನಕ ಹೋದವಳು ತಿರುಗಿ, ಮತ್ತ ಅಕಿ ಯಾಕ ಆಗಸ್ಟ್ ಅಂದ್ಲು ಎಂದು ಕೇಳಿದಳು. ಅಕಿಗೇನು ಗೊತ್ತು ಮಳಿ ಲೆಕ್ಕ ಎಂದೆ. ಯೋಚಿಸದೆ ಬಾಯಿಗೆ ಬಂತು ಎಂದು ನಾನು ಹೇಳುವುದಿಲ್ಲ. ಯೋಚಿಸಿಯೇ ಹೇಳಿದೆ. ಕೂಸಿನ ಮಾತು ಹಾಕಿದರೆ ಅಕ್ಕ ಒಪ್ಪುತ್ತಾಳೆ ಎಂದು ತಿಳಿದೇ ಹಾಕಿದೆ.

ಅವತ್ತು ಸಾಯಂಕಾಲ ಭಾವ ಹೆಸರು ಕೊಟ್ಟ. ಮಕ್ತಲ್, ನಾರಾಯಣಪೇಟೆ, ಗದ್ವಾಲ್ ಕಡೆಯ ಡೀಲರುಗಳೆಲ್ಲ ಜನವರಿಯನ್ನೇ ಹಿಡಿದರು. ಆಗಸ್ಟ್ ತಂಡಕ್ಕೆ ನಮ್ಮವರು ಒಬ್ಬರೂ ಇರಲಿಲ್ಲ. ಮಳ್ಯಾಗ ಕಳಿಸಿ ಕಂಪನಿಯವರು ನಮಗ ಟೋಪಿ ಹಾಕಾಕ ಹತ್ಯಾರ ಎಂದು ಅಂಗಡಿ ಕಟ್ಟೆಯ ಮೇಲೆ ಎಲ್ಲರೂ ನಕ್ಕರು. ನಾನೂ ಆ ಕಟ್ಟೆಯ ಮೇಲೆಯೇ ಕೂತಿದ್ದೆ.

ಆ ವರ್ಷ ಮಳೆ ಚೆನ್ನಾಗಿ ಆಯಿತು. ಆಗಸ್ಟಿನಲ್ಲಿ ಕೃಷ್ಣೆ ಕೆಂಪಗೆ ಹರಿದು, ಶಾಲೆಗೆ ಬರುವ ಮಕ್ಕಳ ಕಾಲೆಲ್ಲ ಎರೆಮಣ್ಣು. ಭಾವನ ಅಂಗಡಿಯ ಮುಂದೆ ಯೂರಿಯಾಕ್ಕೆ ಸಾಲು, ಮನುಷ್ಯರು ಮರದ ಕೆಳಗೆ ಕೂತು ತಮ್ಮ ತಮ್ಮ ಚಪ್ಪಲಿಯನ್ನು ಸಾಲಿನಲ್ಲಿ ಬಿಟ್ಟಿರುತ್ತಿದ್ದರು. ನಾನು ಆಟದ ಬಿಡುವಿನಲ್ಲಿ ಫೋನು ತೆಗೆದು ಬಾಲಿಯ ಹವೆ ನೋಡುತ್ತಿದ್ದೆ. ದಿನಾಲೂ ಸೂರ್ಯನ ಚಿತ್ರ. ಬಿಸಿಲು, ಬಿಸಿಲು, ಬಿಸಿಲು. ಅದನ್ನು ನೋಡಿ ನನಗೆ ಸಮಾಧಾನ ಆಗುತ್ತಿತ್ತು ಎಂದು ಬರೆಯಲು ಈಗ ಕೈ ತಡೆಯುತ್ತದೆ, ಆದರೆ ಆಗುತ್ತಿತ್ತು.

ಆ ತಿಂಗಳಲ್ಲೇ ಸವಿತಾ ನನಗೆ ಒಂದು ಮೆಸೇಜು ಹಾಕಿದಳು, ಮೂರು ವರ್ಷದ ಮೇಲೆ ಮೊದಲ ಸಲ. ಮಾವ, ಜನವರಿ ಯಾಕ ಹಿಡದ್ರಿ ಎಂದು ಕೇಳಿದ್ದಳು. ಭಾವಗ ಪುರಸೊತ್ತು ಇರಲಿಲ್ಲ ಎಂದು ಹಾಕಿದೆ. ಆಗಲಿ ಮಾವ, ಜನವರಿಯಾಗೂ ಕೆಲವು ದಿನ ದೋಣಿ ಬಿಡ್ತಾರ, ದೇವರು ದಾರಿ ಮಾಡ್ತಾನ, ದೋಣಿ ನಿಲ್ಲತಾವ ಅಂತ ಅವ್ವಗ ಮಾತ್ರ ಈಗ ಹೇಳಬ್ಯಾಡ, ಸುಮ್ಮನ ಅಂಜತಾಳ ಎಂದು ಬರೆದಳು. ಹೇಳಬೇಡ ಎಂದು ಅವಳೇ ಹೇಳಿದ ಮೇಲೆ ನನಗೆ ಇನ್ನೂ ಹಗುರಾಯಿತು.

ಅಕ್ಕನ ತಯಾರಿ ನೋಡಬೇಕಿತ್ತು. ಪಾಸ್‌ಪೋರ್ಟಿಗೆ ನಾನೇ ಕರೆದುಕೊಂಡು ಹೋದೆ. ಫೋಟೋದಲ್ಲಿ ನಗಬಾರದು ಎಂದರೆ ಅವಳಿಗೆ ನಗು ತಡೆಯಲು ಆಗಲಿಲ್ಲ, ಮೂರು ಸಲ ತೆಗೆದರು. ಅಕ್ಟೋಬರಿನಲ್ಲಿ ಸವಿತಾಳಿಗೆ ಗಂಡು ಹುಟ್ಟಿತು. ಭಾವ ಅಂಗಡಿಗೆ ಹೋದದ್ದನ್ನು ನೋಡಿ ಅಕ್ಕ ಒಂದು ಹಿಡಿ ಸಕ್ಕರೆ ಸೆರಗಿನಲ್ಲಿ ಕಟ್ಟಿಕೊಂಡು ಬಂದು ನನ್ನ ಬಾಯಿಗೆ ಹಾಕಿದಳು, ನೀ ಹೇಳಿದ್ದೇ ಚೊಲೊ ಆತು ನೋಡು ಎಂದಳು. ತನ್ನ ಮದುವೆಯ ನಾರಾಯಣಪೇಟೆ ಸೀರೆಯನ್ನು ಕತ್ತರಿಸಿ ಸುಶೀಲಮ್ಮನ ಹತ್ತಿರ ಕೂಸಿಗೆ ತಲೆ ಬೆನ್ನು ಮುಚ್ಚುವ ಕುಂಚಿಗೆ ಹೊಲಿಸಿದಳು, ಬೆನ್ನಿನ ಮೇಲೆ ಅಂಚು ಬರುವ ಹಾಗೆ. ಬಾಣಂತಿಗೆಂದು ಅಂಟಿನ ಉಂಡೆ ಕಟ್ಟಿದಳು. ಇಷ್ಟೊಂದು ಯಾರಿಗೆ ಎಂದು ಭಾವ ಕೇಳಿದ್ದಕ್ಕೆ, ನಿಮ್ಮ ಡೀಲರುಗಳ ಹೆಂಡಂದಿರಿಗೆ ಎಂದಳಂತೆ. ನನ್ನ ಹಳೆಯ ಫೋನು ಕೊಟ್ಟೆ. ವಿಡಿಯೋದಲ್ಲಿ ಹೇಗೆ ಮಾತಾಡಬೇಕೆಂದು ಒಂದು ವಾರ ಕೂತು ಕಲಿಸಿದೆ. ಮೂರನೆಯ ದಿನ ಗಂಡಸರೆಲ್ಲ ಖರೀದಿಗೆ ಹೋಗುತ್ತಾರೆ, ಅವತ್ತು ತಲೆನೋವೆಂದು ಹೋಟೆಲಿನಲ್ಲೇ ಉಳಿಯುವುದು, ಸವಿತಾ ಕೂಸನ್ನು ಎತ್ತಿಕೊಂಡು ಮುಂಜಾನೆಯ ದೋಣಿಗೆ ಬಂದು ಸಾಯಂಕಾಲದ ದೋಣಿಗೆ ಹೋಗುವುದು ಎಂದು ತಾಯಿ ಮಗಳು ಗೊತ್ತು ಮಾಡಿದ್ದರು. ಅದನ್ನು ಅಕ್ಕ ನನಗೆ ಎಷ್ಟು ಸಲ ಹೇಳಿದಳೋ. ಪ್ರತಿ ಸಲವೂ ಹೂಂ ಎಂದೆ. ಅಷ್ಟು ದಿನಗಳಲ್ಲಿ ನನ್ನ ಮನಸ್ಸು ಒಮ್ಮೆಯೂ ಅಳುಕಲಿಲ್ಲವೇ ಎಂದರೆ, ಅಳುಕಿತು. ಆದರೆ ತಂಡ ಬದಲಿಸಲು ಇನ್ನು ಆಗುವುದಿಲ್ಲ, ಹೇಳಿ ಏನು ಪ್ರಯೋಜನ ಎಂದು ನನಗೆ ನಾನೇ ಪಾಠ ಹೇಳಿಕೊಂಡೆ.

ಸಂಕ್ರಾಂತಿಯ ಎಳ್ಳು ಬೆಲ್ಲ ಕೊಟ್ಟು ಅಕ್ಕ ಹೊರಟಳು. ಗದ್ವಾಲ್‌ನವರು ಕರಿ ಕನ್ನಡಕ ಹಾಕಿಕೊಂಡೇ ಬಸ್ಸು ಹತ್ತಿದರು. ಒಬ್ಬರ ಹತ್ತಿರವೂ ಕೊಡೆ ಇರಲಿಲ್ಲ.

ಅಲ್ಲಿ ಇಳಿದ ದಿನದಿಂದ ಮಳೆ. ಎರಡು ದಿನ ಹೋಟೆಲಿನ ಹೊರಗೆ ಕಾಲಿಡಲು ಆಗದೆ ನಮ್ಮ ಡೀಲರುಗಳು ಇಸ್ಪೀಟು ಆಡಿದರಂತೆ. ಮೂರನೆಯ ದಿನ ಮುಂಜಾನೆ ಬಿಸಿಲು ಬಿತ್ತು. ಬಾಲಿ ಫಳಫಳ ಹೊಳೆಯುತ್ತಿತ್ತಂತೆ. ಗಂಡಸರು ಕುಣಿಯುತ್ತ ಖರೀದಿಗೆ ಹೋದರು. ಅಕ್ಕ ಹೊಸ ಸೀರೆ ಉಟ್ಟು, ಕುಂಚಿಗೆ ಉಂಡೆ ಇದ್ದ ಚೀಲ ತೊಡೆಯ ಮೇಲಿಟ್ಟುಕೊಂಡು, ಕೆಳಗೆ ಬಾಗಿಲು ಕಾಣುವ ಕುರ್ಚಿಯಲ್ಲಿ ಏಳು ಗಂಟೆಗೇ ಬಂದು ಕೂತಳು. ಒಂಬತ್ತಕ್ಕೆ ಸವಿತಾಳ ಫೋನು ಬಂತು. ಅವ್ವ, ಸಮುದ್ರದಾಗ ಅಲಿ ದೊಡ್ಡವು ಬರಾಕತ್ಯಾವ, ಬಂದರಿನವರು ದೋಣಿ ನಿಲ್ಲಿಸ್ಯಾರ, ನಾ ಕೂಸಿನ್ನ ಹೊತಗೊಂಡು ದಂಡಿ ಮ್ಯಾಲೆ ನಿಂತೀನಿ ಎಂದಳು.

ಅಕ್ಕ ಮಾಗನೂರಿನ ಕಡೆಯ ಹೊಳೆದಂಡೆಯ ಹುಡುಗಿ. ಮಳೆಯಲ್ಲೂ ಪುಟ್ಟಿಯಲ್ಲಿ, ಅಂದರೆ ಹರಿಗೋಲಿನಲ್ಲಿ, ಕೂತು ಕೃಷ್ಣೆ ದಾಟಿದವಳು. ಆಕಾಶದಲ್ಲಿ ಬಿಸಿಲು ಇರುವಾಗ ದೋಣಿ ನಿಲ್ಲುವುದು ಅವಳು ಕಂಡಿಲ್ಲದ ಮಾತು. ಇಲ್ಲಿ ಬಿಸಿಲು ಬಿದ್ದೈತಲ್ಲವಾ ಎಂದಳು. ಸವಿತಾ ವಿಡಿಯೋದಲ್ಲಿ ಸಮುದ್ರ ತೋರಿಸಲು ನೋಡಿದಳು, ಅಕ್ಕನಿಗೆ ಬರೀ ಬೆಳ್ಳಗೆ ಕಂಡು ನಿಂತುಬಿಟ್ಟಿತು. ಹನ್ನೊಂದಕ್ಕೆ ಮತ್ತೆ ಫೋನು, ಎರಡಕ್ಕೆ ಮತ್ತೆ. ಎರಡಕ್ಕೆ ಮಾಡಿದಾಗ ಅಕ್ಕ, ನಿನ್ನ ಗಂಡ ಬ್ಯಾಡ ಅಂದನೇನು, ಖರೇ ಹೇಳು ಎಂದು ಕೇಳಿದಳಂತೆ. ಸವಿತಾ ಅತ್ತಳಂತೆ. ಐದು ಗಂಟೆಗೆ ಭಾವ ಹೂವಿನ ಅಂಗಿ ಕೊಂಡುಕೊಂಡು ಬಂದು, ಇಲ್ಲಿ ಯಾಕ ಕುಂತಿ ಎಂದಾಗ, ನಿಮ್ಮ ದಾರೀನ ನೋಡಾಕತ್ತಿದ್ದೆ ಎಂದು ಹೇಳಿ ಎದ್ದಳು. ಹತ್ತು ತಾಸು ಕೂತಿದ್ದಳು. ಮರುದಿನವೂ ದೋಣಿ ಬಿಡಲಿಲ್ಲ, ಅದರ ಮರುದಿನ ಇವರ ವಿಮಾನ.

ಊರಿಗೆ ಬಂದ ದಿನವೇ ಚೀಲ ಹಿಡಿದುಕೊಂಡು ನನ್ನ ಖೋಲಿಗೆ ಬಂದಳು. ಇದಷ್ಟನ್ನೂ ಅಳದೆ ಹೇಳಿದಳು. ಮಳೆಯ ವಿಷಯಕ್ಕೆ ನನಗೆ ತಾನೇ ಸಮಾಧಾನ ಮಾಡಿದಳು. ಕಾಲ ಕೆಟ್ಟೈತಿ ತಮ್ಮಾ, ಎಲ್ಲಾ ಕಡೆ ಈಗ ಅಕಾಲ ಮಳಿ, ನೀ ಏನು ಮಾಡ್ತಿ ಎಂದಳು. ಆಮೇಲೆ ನನ್ನ ಮುಖವನ್ನೇ ನೋಡಿ ಕೇಳಿದಳು.

"ಒಂದು ಮಾತು ಖರೇ ಹೇಳು. ನೀ ಓದಿದಾವ ಅದಿ. ಬಿಸಿಲು ಬಿದ್ದಾಗ ದೋಣಿ ನಿಲ್ಲತಾವೇನು?"

ನಿಲ್ಲುತ್ತವೆ. ಅಲೆ ಏಳಲು ತಲೆಯ ಮೇಲೆ ಮೋಡ ಬೇಕಿಲ್ಲ. ಎಲ್ಲೋ ದೂರ ಸಮುದ್ರದಲ್ಲಿ ಗಾಳಿ ಎದ್ದರೆ ಸಾಕು, ಇಲ್ಲಿ ಬಿಸಿಲಿನಲ್ಲೇ ದೋಣಿ ಮುಳುಗುವಷ್ಟು ಅಲೆ ಬರುತ್ತವೆ. ಒಂದು ನಿಮಿಷದ ಪಾಠ. ಅದನ್ನು ಹೇಳಿದರೆ ಮಗಳು ಸುಳ್ಳಿ ಅಲ್ಲ ಎಂದು ಅಕ್ಕನಿಗೆ ತಿಳಿಯುತ್ತಿತ್ತು. ಆದರೆ ಒಂದು ಎಳೆ ಎಳೆದರೆ ಇನ್ನೊಂದು ಬರುತ್ತದೆ. ಆ ಕಾಲದಲ್ಲಿ ಅಲ್ಲಿ ಗಾಳಿ ಏಕೆ, ಮಳೆ ಏಕೆ ಎಂದು ಕೇಳುತ್ತಾಳೆ, ಮಿರಗದಾಗ ನಾ ಕೇಳಿದಾಗ ನಿನಗ ಗೊತ್ತಿತ್ತೇನು ಎಂದು ಕೇಳುತ್ತಾಳೆ. ಮೊದಲ ಸಲ ಹೇಳಿದ್ದು ಸಿಟ್ಟಿಗೆ. ಈ ಸಲ ನನ್ನ ಹತ್ತಿರ ಸಿಟ್ಟು ಇರಲಿಲ್ಲ. ಹತ್ತು ತಾಸು ಕುರ್ಚಿಯಲ್ಲಿ ಕೂತ ಮಾತು ಕೇಳಿದ ಮೇಲೆ ಅದು ಎಲ್ಲಿ ಹೋಯಿತೋ. ಬರೀ ಅಂಜಿಕೆ ಇತ್ತು. ಈ ಮನೆಯೊಂದು ಬಿಟ್ಟರೆ ನನಗೆ ಇನ್ನೊಂದು ಮನೆಯಿಲ್ಲ.

"ನಿಲ್ಲೋದಿಲ್ಲಕ್ಕ" ಎಂದೆ.

ಅಂದ್ರ ಅಕಿಗೆ ಮನಸಿದ್ದಿಲ್ಲ ಎಂದಳು. ಚೀಲದಿಂದ ಅಂಟಿನ ಉಂಡೆಯ ಡಬ್ಬಿಯನ್ನೂ ನನ್ನ ಹಳೆಯ ಫೋನನ್ನೂ ತೆಗೆದು ನನ್ನ ಮೇಜಿನ ಮೇಲಿಟ್ಟು, ನೀನರ ತಿನ್ನು ಎಂದು ಹೋದಳು. ಕುಂಚಿಗೆಯನ್ನು ಸುಶೀಲಮ್ಮನ ಮೊಮ್ಮಗಳಿಗೆ ಕೊಟ್ಟಳು. ಇನ್ನು ಮೇಲೆ ಆ ಫೋನು ಬಂದರೆ ನಾನು ಇಲ್ಲ ಅನ್ನು ಎಂದು ಸುಶೀಲಮ್ಮನಿಗೆ ಹೇಳಿದಳು. ಮೂರು ವರ್ಷ ಭಾವ ಹೊಡೆದು ಬಡಿದು ಮಾಡಲಾಗದ್ದನ್ನು ನನ್ನ ಒಂದು ಮಾತು ಮಾಡಿತು. ನನಗೂ ಮಗಳಿಲ್ಲ ಎಂದು ಅಕ್ಕ ಅವತ್ತು ಅವನ ಮುಂದೆ ಅಂದಳಂತೆ. ಭಾವ ಖುಷಿಯಿಂದ ಅಂಗಡಿಯಲ್ಲಿ ಅದನ್ನು ನನಗೆ ಹೇಳಿದ.

ಇದಾಗಿ ನಾಲ್ಕು ವರ್ಷ ಕಳೆದಿವೆ. ಸವಿತಾ ಆಗೊಮ್ಮೆ ಈಗೊಮ್ಮೆ ನನಗೆ ಬರೆಯುತ್ತಾಳೆ. ಯಾಕೆ ಹೀಗೆ ಮಾಡಿದಿ ಎಂದು ಒಂದು ಸಲವೂ ಕೇಳಿಲ್ಲ. ಮೋಸಂಬಿಯ ಪಾಠ ಅವಳು ಮರೆತಿರಲಾರಳು, ಮಾವನಿಗೆ ಗೊತ್ತಿತ್ತು ಎಂಬುದು ಅವಳಿಗೆ ಗೊತ್ತು. ಹೋದ ವಾರ ಬರೆದದ್ದು ಇಷ್ಟು: ಮಾವ, ಹುಡುಗ ಅಜ್ಜಿ ಫೋಟೋ ಕೇಳ್ತಾನ. ಜನವರಿಯಾಗ ಇಲ್ಲಿ ದೋಣಿ ನಿಲ್ಲತಾವ ಅಂತ ಅವ್ವಗ ನೀ ಒಂದು ಸಲ ಹೇಳು. ನೀ ಹೇಳಿದ್ರ ಕೇಳ್ತಾಳ.

ಮೊನ್ನೆ ಗಣಿತದ ಮೇಡಮ್ಮನಿಗೆ ಎಲ್ಲ ಬಿಡಿಸಿ ಹೇಳಿದ ಮೇಲೆ, ಇವತ್ತು ಏನಾದರಾಗಲಿ ಎಂದುಕೊಂಡು ಶಾಲೆಯಿಂದ ಸೀದಾ ಅಕ್ಕನ ಮನೆಗೆ ಹೋದೆ. ಭಾವ ಅಂಗಡಿಯಲ್ಲಿದ್ದ. ಅಕ್ಕ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ತಾಟು ಹಾಕಿ, ಪುಂಡಿಪಲ್ಯ ಬಡಿಸಿದಳು. ಒಂದು ತುತ್ತು ಮುರಿದು, ಅಕ್ಕಾ, ಸವಿತಾ ಎಂದೆ.

ಅವಳು ರೊಟ್ಟಿಯಿಂದ ಕಣ್ಣು ತೆಗೆಯಲಿಲ್ಲ.

"ಆ ಹೆಸರು ತಗೀಬ್ಯಾಡ ತಮ್ಮಾ. ಅಲ್ಲಿದ್ದಾಗ ಹೋಟೆಲ್‌ನವರು, ಕಂಪನಿಯವರು, ಎಲ್ಲಾರೂ ಅಕಿ ಹೇಳಿದಂಗ ಹೇಳಿದ್ರು, ದೋಣಿ ನಿಂತಾವಮ್ಮ ಅಂತ. ನನಗ ಕೆಟ್ಟ ಅನಸಬಾರದು ಅಂತ ಹೇಳಿದ್ರು. ನೀ ಒಬ್ಬಾವ ನನಗ ಖರೇ ಹೇಳಿದಿ."

ಸೆರಗಿನಿಂದ ಕಣ್ಣು ಒರೆಸಿಕೊಂಡು, ಹೆಂಚಿನ ಮೇಲಿನ ರೊಟ್ಟಿಯನ್ನು ತೆಗೆದು ನನ್ನ ತಾಟಿಗೆ ಹಾಕಿದಳು. ಬಿಸಿ ಇತ್ತು. ಉಂಡು ಕೈ ತೊಳೆದು ಬಂದೆ.